ಎಷ್ಟು ಡೋಸ್ ಸಾಕು ಎಂದು ಮೊದಲೇ ನೋಡಿ: ಕ್ಯಾನ್ಸರ್ ಔಷಧ ಪರೀಕ್ಷಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ:
ಕ್ಯಾನ್ಸರ್ ಔಷಧಗಳ ಮೊದಲ ಹಂತದ ಟ್ರಯಲ್ ರೂಪಿಸುವ ವೈದ್ಯರು, ಅದಕ್ಕೆ ಹಣ ಹಾಕುವ ಕಂಪನಿಗಳು, ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳು ಮತ್ತು ಔಷಧ ನಿಯಂತ್ರಣ ಸಂಸ್ಥೆಗಳು.

ಮಾನ್ಯರೇ,

ನಾನು ಕ್ಯಾನ್ಸರ್ ಟ್ರಯಲ್ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನೀವು ಬರೆದ ಪ್ರೋಟೋಕಾಲ್, ಅಂದರೆ ಟ್ರಯಲ್ ನಡೆಸುವ ಕ್ರಮದ ಕಡತ, ಹಿಡಿದುಕೊಂಡು ರೋಗಿಯ ಮಂಚದ ಪಕ್ಕ ನಿಲ್ಲುವವರು ನಮ್ಮಂಥವರು. ಮಾತ್ರೆ ಎಣಿಸಿ ಕೊಡುತ್ತೇವೆ, ರಕ್ತ ತೆಗೆಯುತ್ತೇವೆ, ಹೇಗಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತೇವೆ. ನಮ್ಮ ವಾರ್ಡಿಗೆ ಬರುವವರು ಬಹುತೇಕ ನಾಲ್ಕನೇ ಸ್ಟೇಜಿನವರು. ಆಪರೇಷನ್, ಕಿಮೋ, ರೇಡಿಯೇಶನ್ ಎಲ್ಲ ಮುಗಿಸಿ, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಹೇಳಿಸಿಕೊಂಡವರು.

ನಿಮ್ಮಲ್ಲಿ ಕೇಳಬೇಕಾದ್ದು ಒಂದೇ ವಿಷಯ. ಕೆಟ್ಟುಹೋದ ಒಂದು ಜೀನನ್ನು ಗುರಿಯಾಗಿಟ್ಟುಕೊಂಡು ಬರುತ್ತಿರುವ ಹೊಸ ಔಷಧಗಳಿಗೆ ಹಳೆ ಕಿಮೋ ಕಾಲದ ಡೋಸ್ ಲೆಕ್ಕವನ್ನು ಬಿಡಿ. ಮನುಷ್ಯ ಎಷ್ಟರವರೆಗೆ ತಡೆದುಕೊಳ್ಳಬಲ್ಲ ಎಂದು ಹುಡುಕುತ್ತಾ ಹೋಗಬೇಡಿ. ಎಷ್ಟು ಕೊಟ್ಟರೆ ಸಾಕು ಎಂದು ಮೊದಲ ಹಂತದಲ್ಲೇ ಹುಡುಕಿ. ಟ್ರಯಲ್‌ಗೆ ಸೇರುವವರಿಗೂ ನೀವು ಹುಡುಕುತ್ತಿರುವುದು ಏನು ಎಂದು ಬಾಯಿಬಿಟ್ಟು ಹೇಳಿ.

ಈ ಪತ್ರ ಸಾಮಾನ್ಯ ಓದುಗರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲ ಹಂತದ ಟ್ರಯಲ್‌ನಲ್ಲಿ, ಅಂದರೆ ಹೊಸ ಔಷಧವನ್ನು ಮನುಷ್ಯರಿಗೆ ಮೊದಲ ಸಲ ಕೊಟ್ಟು ನೋಡುವಾಗ, ಬಹಳ ಕಾಲದಿಂದ ನಡೆದುಬಂದ ಕ್ರಮ ಹೀಗಿದೆ. ಮೂರು ಜನಕ್ಕೆ ಒಂದು ಸಣ್ಣ ಡೋಸ್ ಕೊಡುತ್ತಾರೆ. ಮೂರು ಅಥವಾ ನಾಲ್ಕು ವಾರ ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಡೋಸ್ ಏರಿಸುತ್ತಾರೆ. ಒಬ್ಬರಿಗೆ ಆದರೆ ಅದೇ ಡೋಸನ್ನು ಇನ್ನೂ ಮೂವರಿಗೆ ಕೊಟ್ಟು ನೋಡುತ್ತಾರೆ. ಇಬ್ಬರಿಗೆ ಆಯಿತು ಅಂದರೆ ಏರಿಸುವುದನ್ನು ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಆ ಕೆಳಗಿನ ಮೆಟ್ಟಿಲೇ ‘ತಡೆದುಕೊಳ್ಳಬಹುದಾದ ಗರಿಷ್ಠ ಡೋಸ್’. ಇನ್ನೂ ಹೆಚ್ಚು ಜನರ ಮೇಲೆ ನಡೆಯುವ ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ಸಾಮಾನ್ಯವಾಗಿ ಅದೇ ಹೋಗುತ್ತದೆ. ಔಷಧ ಗೆದ್ದರೆ ಮಾತ್ರೆಯ ಡಬ್ಬಿಯ ಮೇಲೂ ಅದೇ ಅಂಕಿ ಅಚ್ಚಾಗುತ್ತದೆ.

ಕಿಮೋಗೆ ಇದು ಸರಿಯಾಗಿಯೇ ಇತ್ತು. ಬೆಳೆಯುತ್ತಿರುವ ಜೀವಕೋಶ ಯಾವುದಿದ್ದರೂ ಕಿಮೋ ಹೊಡೆಯುತ್ತದೆ. ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಕೋಶ ಸಾಯುತ್ತವೆ. ಕ್ಯಾನ್ಸರಿನದ್ದೂ ಸಾಯುತ್ತವೆ, ಕೂದಲಿನ ಬೇರಿನದ್ದೂ, ಕರುಳಿನ ಒಳಪದರದ್ದೂ ಸಾಯುತ್ತವೆ. ಅದನ್ನು ಕೊಡುವುದು ಕೆಲವು ಸರ್ತಿ, ನಡುವೆ ವಾರಗಳ ಬಿಡುವು ಇರುತ್ತದೆ. ಬಿಡುವಿನಲ್ಲಿ ದೇಹ ಚೇತರಿಸಿಕೊಳ್ಳುತ್ತದೆ. ಹಾಗಾಗಿ ತಡೆದುಕೊಳ್ಳುವಷ್ಟು ಕೊಟ್ಟುಬಿಡೋಣ ಅನ್ನುವುದರಲ್ಲಿ ಅರ್ಥವಿತ್ತು.

ಜೀನ್ ಗುರಿ ಮಾಡುವ ಔಷಧ ಕೆಲಸ ಮಾಡುವ ರೀತಿಯೇ ಬೇರೆ. ಯಾವುದೋ ಒಂದು ಜೀನ್ ಕೆಟ್ಟು, ಅದರಿಂದ ಹುಟ್ಟುವ ಪ್ರೋಟೀನು ಬೆಳೆ, ಬೆಳೆ ಎಂದು ಕೋಶಕ್ಕೆ ಹೇಳುತ್ತಲೇ ಇರುತ್ತದೆ. ಔಷಧದ ಅಣು ಹೋಗಿ ಆ ಪ್ರೋಟೀನಿನ ಒಂದು ಸಂದಿಯಲ್ಲಿ ಕೂತು ಅದರ ಬಾಯಿ ಮುಚ್ಚಿಸುತ್ತದೆ. ದೇಹದಲ್ಲಿರುವ ಅಂಥ ಸಂದಿಗಳೆಲ್ಲ ತುಂಬಿದ ಮೇಲೆ ಇನ್ನೂ ಔಷಧ ಸುರಿದರೆ ಏನು ಬಂತು? ಬೀಗ ಹಾಕಿದ ಬಾಗಿಲಿಗೆ ಮತ್ತೆ ಮತ್ತೆ ಕೀಲಿ ತಿರುಗಿಸಿದ ಹಾಗೆ. ಜಾಸ್ತಿಯಾದ ಔಷಧ ಸುಮ್ನೆ ಕೂರುವುದಿಲ್ಲ. ಚರ್ಮದಲ್ಲಿ, ಕರುಳಿನಲ್ಲಿ, ಲಿವರಿನಲ್ಲಿ ತನ್ನ ಗುರಿಗೆ ಹತ್ತಿರದ ಬೇರೆ ಪ್ರೋಟೀನುಗಳನ್ನು ಹಿಡಿಯುತ್ತದೆ. ಇನ್ನೊಂದು ಮಾತು, ಈ ಮಾತ್ರೆಗಳಿಗೆ ಬಿಡುವಿಲ್ಲ. ದಿನಾ ನುಂಗಬೇಕು, ಔಷಧ ಹಿಡಿದಿರುವಷ್ಟು ಕಾಲವೂ ನುಂಗಬೇಕು. ಅದು ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು.

ಇದು ನನ್ನ ಊಹೆಯಲ್ಲ. ಈ ಜಾತಿಯ ಔಷಧಗಳಿಗೆ ದಾರಿ ತೋರಿಸಿದ ಇಮಾಟಿನಿಬ್‌ನ ಕಥೆಯಲ್ಲೇ ಇದು ಇತ್ತು. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಒಂದು ಕ್ರೋಮೋಸೋಮ್ ಅಸಹಜವಾಗಿ ಗಿಡ್ಡಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಗುರುತಿಸಿದರು. ಎರಡು ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗುವುದರಿಂದ ಹಾಗಾಗುತ್ತದೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಔಷಧ ಮನುಷ್ಯರಿಗೆ ಮೊದಲು ಸಿಕ್ಕಿದ್ದು 1998ರಲ್ಲಿ. ಬ್ರಯಾನ್ ಡ್ರೂಕರ್ ಮತ್ತು ಅವರ ಜೊತೆಗಾರರು ಆ ಮೊದಲ ಹಂತದ ಟ್ರಯಲ್‌ನಲ್ಲಿ 83 ಜನಕ್ಕೆ ದಿನಕ್ಕೆ 25 ಮಿಲಿಗ್ರಾಂನಿಂದ ಹಿಡಿದು 1,000 ಮಿಲಿಗ್ರಾಂವರೆಗೆ ಕೊಟ್ಟು ನೋಡಿದರು. 300 ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಮಾಮೂಲಿಗೆ ಬಂತು. ಅವರೆಲ್ಲ ಅದಕ್ಕೆ ಮುಂಚಿನ ಚಿಕಿತ್ಸೆ ಫಲಿಸದೆ ಬಂದವರು.

ಆ ಟ್ರಯಲ್‌ನಲ್ಲಿ ‘ತಡೆದುಕೊಳ್ಳಬಹುದಾದ ಗರಿಷ್ಠ ಡೋಸ್’ ಸಿಗಲೇ ಇಲ್ಲ. 1,000ಕ್ಕೆ ಹೋದರೂ ಆ ಗಡಿ ಮುಟ್ಟಲಿಲ್ಲ. ಯಾರೂ ಅದನ್ನು ಹುಡುಕಿಕೊಂಡು ಇನ್ನೂ ಮೇಲೆ ಹೋಗಲಿಲ್ಲ. ಕಾಯಿಲೆ ಶುರುವಿನ ಸ್ಥಿತಿಯಲ್ಲಿ ಇರುವವರಿಗೆ 400 ಸಾಕು ಎಂದು ತೀರ್ಮಾನವಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅಂದರೆ ದಾರಿ ಶುರುವಿನಲ್ಲೇ ಗೊತ್ತಿತ್ತು. ಆಮೇಲೆ ಬಂದ ಎಷ್ಟೋ ಔಷಧಗಳು ಅದನ್ನು ಬಿಟ್ಟು ಮತ್ತೆ ಮೂರು ಮೂರು ಜನರ ಮೆಟ್ಟಿಲನ್ನೇ ಹತ್ತಿದವು.

ಅದರ ಫಲ ಏನಾಯಿತು ಎಂದು ನಿಮಗೆ ಗೊತ್ತು. ಕ್ಯಾಬೋಜಾಂಟಿನಿಬ್‌ಗೆ 2012ರಲ್ಲಿ ಥೈರಾಯ್ಡಿನ ಒಂದು ಕ್ಯಾನ್ಸರಿಗಾಗಿ ಅನುಮತಿ ಸಿಕ್ಕಾಗ ಡೋಸ್ 140 ಮಿಲಿಗ್ರಾಂ ಇತ್ತು. ಅನುಮತಿಗೆ ಆಧಾರವಾದ ಟ್ರಯಲ್‌ನಲ್ಲೇ ಆ ಔಷಧ ತೆಗೆದುಕೊಂಡವರಲ್ಲಿ ಶೇ 79 ಜನಕ್ಕೆ ಡೋಸ್ ಇಳಿಸಬೇಕಾಗಿತ್ತು. ನೂರಕ್ಕೆ ಎಪ್ಪತ್ತೊಂಬತ್ತು ಜನಕ್ಕೆ ಆಗದ ಡೋಸನ್ನು ಮಾಮೂಲಿ ಡೋಸ್ ಎಂದು ಕರೆಯುವುದು ಹೇಗೆ? ಶ್ವಾಸಕೋಶ ಕ್ಯಾನ್ಸರಿನ ಔಷಧ ಸೆರಿಟಿನಿಬ್ 2014ರಲ್ಲಿ ಬಂದಾಗ 750 ಮಿಲಿಗ್ರಾಂ, ಅದೂ ಖಾಲಿ ಹೊಟ್ಟೆಯಲ್ಲಿ. ವಾಂತಿ, ಭೇದಿ ವಿಪರೀತ. 2017ರಲ್ಲಿ ಅದು 450ಕ್ಕೆ ಇಳಿಯಿತು, ಊಟದ ಜೊತೆ ತೆಗೆದುಕೊಳ್ಳಿ ಎಂದಾಯಿತು. ರಕ್ತದಲ್ಲಿ ಸೇರುವ ಔಷಧ ಹೆಚ್ಚುಕಮ್ಮಿ ಅಷ್ಟೇ, ಹೊಟ್ಟೆಯ ಗೋಳು ಮಾತ್ರ ಕಮ್ಮಿ. ನಡುವಿನ ಮೂರು ವರ್ಷ ಮಾತ್ರೆ ನುಂಗಿದವರ ಹೊಟ್ಟೆನೋವಿಗೆ ಯಾರು ಜವಾಬು?

ಕೆ-ರಾಸ್ ಜೀನಿನ ಒಂದು ದೋಷ ಇರುವ ಶ್ವಾಸಕೋಶ ಕ್ಯಾನ್ಸರಿಗೆ ಕೊಡುವ ಸೊಟೊರಾಸಿಬ್‌ನದ್ದು ಇನ್ನೂ ಹತ್ತಿರದ ಉದಾಹರಣೆ. ಕೆ-ರಾಸ್ ಜೀನ್ ಕ್ಯಾನ್ಸರಿಗೆ ಕಾರಣ ಎಂದು 1982ರ ಸುಮಾರಿಗೇ ಗೊತ್ತಾಗಿತ್ತು. ಆ ಪ್ರೋಟೀನಿನಲ್ಲಿ ಔಷಧ ಕೂರಲು ಜಾಗವೇ ಇಲ್ಲ ಎಂದು ಮೂವತ್ತು ವರ್ಷ ಎಲ್ಲರೂ ಕೈಚೆಲ್ಲಿದ್ದರು. ಕೆವನ್ ಶೋಕತ್ ಅವರ ಲ್ಯಾಬ್ 2013ರಲ್ಲಿ ಒಂದು ಪುಟ್ಟ ಸಂದಿ ಹುಡುಕಿತು. 2021ರ ಮೇ ತಿಂಗಳಲ್ಲಿ ಔಷಧ ಬಂತು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಗೆಲುವು, ನನಗೂ ಅದರ ಬಗ್ಗೆ ತುಂಬಾ ಗೌರವವಿದೆ. ಆದರೆ ಡೋಸ್ ದಿನಕ್ಕೆ 960 ಮಿಲಿಗ್ರಾಂ. 180ರಿಂದ 960ರವರೆಗೆ ಎಷ್ಟು ಕೊಟ್ಟರೂ ರಕ್ತದಲ್ಲಿ ಸಿಗುವ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹಾಗಿದ್ದರೆ ಇಷ್ಟು ಯಾಕೆ ಎಂದು ಎಫ್‌ಡಿಎಯೇ ಕೇಳಿ, 240ರ ಜೊತೆ ಹೋಲಿಸಿ ತೋರಿಸಿ ಎಂದಿತು. ಹೋಲಿಸಿದಾಗ ದೊಡ್ಡ ಡೋಸಿನಲ್ಲಿ ಗಡ್ಡೆ ಕುಗ್ಗಿದವರು ಸ್ವಲ್ಪ ಜಾಸ್ತಿ, ತೊಂದರೆಗಳೂ ಜಾಸ್ತಿ. ಕೊನೆಗೆ 960 ಅನ್ನೇ ಉಳಿಸಿಕೊಂಡರು. ಉಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ನಾನು ವಾದಿಸುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ. ಈ ಹೋಲಿಕೆ ಔಷಧ ಮಾರುಕಟ್ಟೆಗೆ ಬಂದ ಮೇಲೆ ಯಾಕೆ ನಡೆಯಬೇಕಿತ್ತು? ಮೊದಲೇ ನಡೆಸಬಹುದಿತ್ತು ಅಲ್ವಾ?

ಈಗ ವಾರ್ಡಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವುದಕ್ಕೇ ಮುಖ್ಯವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಡೋಸ್ ಏರಿಸಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನೀವು ನೋಡುವುದು ಮೊದಲ ಸೈಕಲ್‌ನ, ಅಂದರೆ ಮೊದಲ ಮೂರು ನಾಲ್ಕು ವಾರದ, ತೀವ್ರ ತೊಂದರೆಗಳನ್ನು, ಸಾಮಾನ್ಯವಾಗಿ ಮೂರನೇ ದರ್ಜೆ ಮತ್ತು ಅದಕ್ಕೆ ಮೇಲಿನವನ್ನು. ದರ್ಜೆಗಳ ಪಟ್ಟಿ ನಮ್ಮ ಗೋಡೆಯ ಮೇಲೂ ಇದೆ. ಮಾಮೂಲಿಗಿಂತ ದಿನಕ್ಕೆ ನಾಲ್ಕರಿಂದ ಆರು ಸಲ ಜಾಸ್ತಿ ಭೇದಿಯಾದರೆ ಅದು ಎರಡನೇ ದರ್ಜೆ. ಏಳು ಸಲ ಮುಟ್ಟಿದರೆ ಮೂರನೆಯದ್ದು. ದಿನಾ ಆರು ಸಲ ಜಾಸ್ತಿ ಹೋಗಿಬರುವ ಮನುಷ್ಯ ನಿಮ್ಮ ಡೋಸ್ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅವನು ಹೊರಗೆ ಹೊರಡುವ ಮುಂಚೆ ಟಾಯ್ಲೆಟ್ ಎಲ್ಲೆಲ್ಲಿದೆ ಎಂದು ಯೋಚಿಸುತ್ತಾನೆ. ಆಮೇಲೆ ಹೊರಡುವುದನ್ನೇ ಬಿಡುತ್ತಾನೆ. ರಾತ್ರಿ ನಿದ್ದೆ ಇಲ್ಲ. ಇದು ಮೂರು ವಾರದ ಮಾತಾದರೆ ಹಲ್ಲುಕಚ್ಚಿ ಕಳೆಯಬಹುದು. ಎಂಟು ತಿಂಗಳಾದರೆ?

ಇನ್ನು ಉಗುರುಗಳು. ಇಜಿಎಫ್ಆರ್ ಎಂಬ ಗುರಿಯನ್ನು ಹಿಡಿಯುವ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಜನರ ಉಗುರಿನ ಅಂಚು ಕೆಂಪಗೆ ಊದಿ ಕೀವು ಕಟ್ಟುತ್ತದೆ. ಇದು ಶುರುವಾಗುವುದು ಹೆಚ್ಚಾಗಿ ಮೊದಲ ಸೈಕಲ್ ಮುಗಿದ ಮೇಲೆ. ಆ ಹೊತ್ತಿಗೆ ಡೋಸಿನ ತೀರ್ಮಾನಕ್ಕೆ ಲೆಕ್ಕ ಹಿಡಿಯುವ ಅವಧಿ ಮುಗಿದಿರುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬ ಹೆಂಗಸಿದ್ದರು, ಬಟ್ಟೆ ಹೊಲಿಯುವವರು. ಅವರ ಎರಡೂ ಹೆಬ್ಬೆರಳುಗಳು ಹೀಗಾದವು. ಶರ್ಟಿನ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಮಾತ್ರೆಯ ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯಲೂ ಆಗುತ್ತಿರಲಿಲ್ಲ. ಚಿಮಟದ ತುದಿಯಿಂದ ಒತ್ತಿ ತೆಗೆಯುತ್ತಿದ್ದರು. ಸೂಜಿ ಹಿಡಿಯುವುದಂತೂ ದೂರದ ಮಾತು. ಫಾರಂನಲ್ಲಿ ನಾನು ಬರೆದದ್ದು: ಉಗುರು ಸುತ್ತಿನ ಸೋಂಕು, ದರ್ಜೆ ಎರಡು. ಅಷ್ಟೇ. ಅವರ ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿತ್ತು, ಔಷಧ ನಿಜಕ್ಕೂ ಹಿಡಿದಿತ್ತು. ಡೋಸ್ ಅರ್ಧಕ್ಕೆ ಇಳಿಸಿದ್ದರೂ ಹಿಡಿಯುತ್ತಿತ್ತೇ? ಅವರು ನನ್ನನ್ನು ಕೇಳಿದರು. ಆ ಟ್ರಯಲ್‌ನಲ್ಲಿ ಆ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಇನ್ನೊಂದನ್ನು ನೀವು ಗಮನಿಸಲೇಬೇಕು. ರೋಗಿಗಳು ನಮಗೆ ತೊಂದರೆ ಮುಚ್ಚಿಡುತ್ತಾರೆ. ಎಷ್ಟು ಸಲ ಭೇದಿ ಎಂದು ಕೇಳಿದರೆ ಒಬ್ಬರು ‘ಎರಡೋ ಮೂರೋ ಸಿಸ್ಟರ್, ಪರವಾಗಿಲ್ಲ’ ಅಂದರು. ಹಿಂದೆ ನಿಂತಿದ್ದ ಮಗಳು ಅಪ್ಪನಿಗೆ ಕಾಣದ ಹಾಗೆ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದಳು. ಆಮೇಲೆ ಕಾರಿಡಾರಿನಲ್ಲಿ ಹಿಡಿದು ಕೇಳಿದೆ. ‘ನಿಜ ಹೇಳಿದರೆ ಟ್ರಯಲ್‌ನಿಂದ ತೆಗೆದುಬಿಡ್ತಾರೆ ಅಂತ ಅಪ್ಪನಿಗೆ ಭಯ’ ಅಂದಳು. ಅವರಿಗೆ ಇದೇ ಕೊನೆಯ ಔಷಧ ಎಂದು ಗೊತ್ತಿದೆ. ಡೋಸ್ ಕಮ್ಮಿ ಮಾಡಿದರೆ ಬದುಕುವ ಆಸೆಯೇ ಕಮ್ಮಿಯಾದ ಹಾಗೆ ಎಂದು ನಂಬಿದ್ದಾರೆ. ಹಾಗೆ ನಂಬುವಂತೆ ಮಾಡಿದ್ದು ಟ್ರಯಲ್‌ನ ಕ್ರಮವೇ. ಅಂಥವರು ಕೊಟ್ಟ ಉತ್ತರದ ಮೇಲೆ ನೀವು ಮುಂದಿನ ಮೂವರ ಡೋಸ್ ಏರಿಸುತ್ತೀರಿ.

ಆದ್ದರಿಂದ ಕೇಳುತ್ತೇನೆ. ರೋಗಿಯೇ ತನ್ನ ಕೈಯಾರೆ ತುಂಬುವ ತೊಂದರೆಯ ಪಟ್ಟಿ ಮೊದಲ ದಿನದಿಂದ ಇರಲಿ. ಇಂಥ ಪಟ್ಟಿಗಳು ಹೊಸದೇನಲ್ಲ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಒಂದನ್ನು ಸಿದ್ಧ ಮಾಡಿಟ್ಟಿದೆ. ಅದನ್ನು ಕೊನೆಯಲ್ಲಿ ಅಂಟಿಸುವ ಅನುಬಂಧ ಮಾಡಬೇಡಿ, ಡೋಸ್ ತೀರ್ಮಾನಿಸುವ ಮೀಟಿಂಗ್‌ನ ಮೇಜಿಗೇ ತನ್ನಿ. ಮೊದಲ ಸೈಕಲ್‌ಗೆ ನಿಲ್ಲಿಸದೆ ಮೂರನೇ, ಆರನೇ ತಿಂಗಳಿನ ಎರಡನೇ ದರ್ಜೆಯ ತೊಂದರೆಗಳನ್ನೂ ಎಣಿಸಿ. ತೊಂದರೆ ಹೇಳಿಕೊಂಡರೆ ಔಷಧ ತಪ್ಪುವುದಿಲ್ಲ, ಬಿಡುವು ಕೊಟ್ಟು ಅಥವಾ ಡೋಸ್ ಇಳಿಸಿ ಮುಂದುವರಿಸುತ್ತೇವೆ ಎಂದು ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ಬರೆಯಿರಿ.

ಒಪ್ಪಿಗೆ ಪತ್ರದ ಮಾತು ಬಂತು. ಅದು ಈಗ ಒಂದು ಸಣ್ಣ ಪುಸ್ತಕದಷ್ಟು ದಪ್ಪ ಇದೆ. ಆದರೂ ಓದಿ ಮುಗಿಸಿದವರನ್ನು, ಈ ಟ್ರಯಲ್ ಯಾತಕ್ಕೆ ಎಂದು ಕೇಳಿದರೆ, ‘ನನ್ನ ಕ್ಯಾನ್ಸರ್ ವಾಸಿ ಮಾಡೋಕೆ’ ಅನ್ನುತ್ತಾರೆ. ಪರೀಕ್ಷೆಯನ್ನೇ ಚಿಕಿತ್ಸೆ ಎಂದು ತಿಳಿಯುವ ಈ ಗೊಂದಲವನ್ನು ಪಾಲ್ ಆಪಲ್‌ಬಾಮ್ ಮತ್ತು ಅವರ ಜೊತೆಗಾರರು 1982ರಲ್ಲೇ ಗುರುತಿಸಿ ಬರೆದಿದ್ದರು. ತಪ್ಪು ರೋಗಿಯದ್ದಲ್ಲ. ಟ್ರಯಲ್‌ನ ಮುಖ್ಯ ಪ್ರಶ್ನೆ ಡೋಸ್ ಎಂಬುದು ಹದಿನೇಳನೇ ಪುಟದಲ್ಲಿ ಎಲ್ಲೋ ಇರುತ್ತದೆ. ಜೀನ್ ಟೆಸ್ಟ್ ಆಗಿ, ನಿಮ್ಮ ಕ್ಯಾನ್ಸರಿಗೆ ಸರಿಹೊಂದುವ ಔಷಧ ಎಂದು ಹೇಳಿದ ಮೇಲಂತೂ ಕೇಳುವುದೇ ಬೇಡ. ಅದು ತನಗೋಸ್ಕರವೇ ಮಾಡಿದ್ದು ಎಂದು ಕೇಳಿಸುತ್ತದೆ.

ಜೀನ್ ಹೊಂದಿಕೆಯಿಂದ ಆಸೆ ಹೆಚ್ಚುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. 1991ರಿಂದ 2002ರವರೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ ನಡೆದ 460 ಮೊದಲ ಹಂತದ ಟ್ರಯಲ್‌ಗಳನ್ನು 2005ರಲ್ಲಿ ಒಟ್ಟಿಗೆ ನೋಡಿದಾಗ, ಗಡ್ಡೆ ಕುಗ್ಗಿದ್ದು ನೂರಕ್ಕೆ ಹತ್ತು ಹನ್ನೊಂದು ಜನಕ್ಕೆ. ಔಷಧದಿಂದಲೇ ಸತ್ತವರು ಸುಮಾರು ಇನ್ನೂರಕ್ಕೆ ಒಬ್ಬರು. 2016ರಲ್ಲಿ ಇನ್ನೊಂದು ತಂಡ 346 ಟ್ರಯಲ್‌ಗಳನ್ನು ನೋಡಿತು. ಜೀನಿನಂಥ ಗುರುತು ನೋಡಿ ರೋಗಿಗಳನ್ನು ಆರಿಸಿದ ಕಡೆ ಶೇ 31ರ ಹತ್ತಿರ ಜನಕ್ಕೆ ಗಡ್ಡೆ ಕುಗ್ಗಿತ್ತು. ಆರಿಸದ ಕಡೆ ಶೇ 5ರ ಹತ್ತಿರ. ದೊಡ್ಡ ವ್ಯತ್ಯಾಸವೇ.

ಕ್ರಿಜೊಟಿನಿಬ್ ಟ್ರಯಲ್‌ನಲ್ಲಿ ನಡೆದದ್ದು ಈಗಲೂ ನಮ್ಮ ವಾರ್ಡಿನಲ್ಲಿ ಹೊಸಬರಿಗೆ ಹೇಳುವ ಕಥೆ. 2006ರಲ್ಲಿ ಶುರುವಾದಾಗ ಆ ಔಷಧದ ಗುರಿಯೇ ಬೇರೆ ಇತ್ತು. 2007ರಲ್ಲಿ ಜಪಾನಿನ ಹಿರೋಯುಕಿ ಮಾನೋ ಅವರ ತಂಡ ಕೆಲವು ಶ್ವಾಸಕೋಶ ಕ್ಯಾನ್ಸರುಗಳಲ್ಲಿ ಎಎಲ್‌ಕೆ ಜೀನ್ ಬೇರೊಂದರ ಜೊತೆ ಬೆಸೆದುಕೊಂಡಿರುವುದನ್ನು ತೋರಿಸಿತು. ಇದೇ ಔಷಧ ಎಎಲ್‌ಕೆಯನ್ನೂ ತಡೆಯುತ್ತದೆ ಎಂದು ಗೊತ್ತಿತ್ತು. ನಡೆಯುತ್ತಿದ್ದ ಟ್ರಯಲ್ ದಿಕ್ಕು ಬದಲಿಸಿತು. ಸುಮಾರು 1,500 ಜನರನ್ನು ಪರೀಕ್ಷಿಸಿ ಆ ಬೆಸುಗೆ ಇರುವ 82 ಜನರನ್ನು ಹುಡುಕಿದರು. ಅವರಲ್ಲಿ ಶೇ 57 ಜನಕ್ಕೆ ಗಡ್ಡೆ ಕುಗ್ಗಿತು. 2011ರಲ್ಲಿ ಅನುಮತಿ ಸಿಕ್ಕಿತು. ಮೊದಲ ಹಂತದಲ್ಲೇ ಜೀವ ಉಳಿಸುವಂಥದ್ದು ಸಿಗಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಇದರ ಪಕ್ಕದಲ್ಲೇ ಇನ್ನೊಂದನ್ನೂ ಹೇಳಬೇಕು. ಬಿ-ರಾಫ್ ಜೀನಿನ ಒಂದು ದೋಷಕ್ಕೆ ಮಾಡಿದ ವೆಮುರಾಫೆನಿಬ್, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಮೊದಲ ಹಂತದ ಕೊನೆಗೆ ಸೇರಿದ 32 ಜನರಲ್ಲಿ 26 ಜನರ ಗಡ್ಡೆ ಕುಗ್ಗಿಸಿತು. ಅದೇ ಜೀನಿನ ಅದೇ ದೋಷ ಇರುವ ಕರುಳಿನ ಕ್ಯಾನ್ಸರಿಗೆ ಅದೇ ಔಷಧ ಕೊಟ್ಟಾಗ 21ರಲ್ಲಿ ಒಬ್ಬರಿಗೆ ಮಾತ್ರ ಫಲ ಕಂಡಿತು. ಕರುಳಿನ ಕೋಶಗಳು ಬೇರೆ ದಾರಿಯಿಂದ ಬೆಳವಣಿಗೆಯ ಸಂದೇಶವನ್ನು ಮತ್ತೆ ಹರಿಸಿಕೊಂಡವು. ಮೆಲನೋಮದಲ್ಲೂ ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಕಾಯಿಲೆ ತಿರುಗಿ ಬಂತು. ರಿಪೋರ್ಟಿನಲ್ಲಿ ಜೀನಿನ ಹೆಸರು ಕಂಡಿತು ಅಂದಮಾತ್ರಕ್ಕೆ ಔಷಧ ಹಿಡಿಯುತ್ತದೆ ಎಂದಲ್ಲ, ಹಿಡಿದರೂ ಹಿಡಿತ ಉಳಿಯುತ್ತದೆ ಎಂದಲ್ಲ.

ಇವೆರಡನ್ನೂ ರೋಗಿಗೆ ಒಂದೇ ಕೂತಲ್ಲಿ ಹೇಳಿ. ಆಮೇಲೆ ಇನ್ನೂ ಮುಖ್ಯವಾದದ್ದನ್ನು ಹೇಳಿ. ಅವರು ಎಷ್ಟನೇ ಡೋಸ್ ಗುಂಪಿಗೆ ಸೇರುತ್ತಿದ್ದಾರೆ. ಅವರಿಗಿಂತ ಮುಂಚೆ ಎಷ್ಟು ಜನ ತೆಗೆದುಕೊಂಡಿದ್ದಾರೆ, ಆ ಜನಕ್ಕೆ ಏನಾಯಿತು. ಈ ಡೋಸ್ ಕೆಲಸ ಮಾಡುವಷ್ಟು ಇದೆ ಎಂದು ಅನ್ನಿಸುತ್ತದೆಯೋ ಇಲ್ಲವೋ. ಈ ಮೂರು ಮಾತು ಹೇಳಲು ಐದು ನಿಮಿಷ ಸಾಕು. ನಾನು ನೋಡಿದ ಹಾಗೆ ಹೆಚ್ಚಿನವರು ಇದನ್ನು ಕೇಳಿಯೂ ಸೇರುತ್ತಾರೆ. ಕೆಲವರು ಸೇರುವುದಿಲ್ಲ, ಮನೆಗೆ ಹೋಗಿ ಮನೆಯವರ ಜೊತೆ ಇರುತ್ತಾರೆ. ಅದೂ ಅವರ ಹಕ್ಕು. ಆಸ್ಪತ್ರೆಗೆ ಓಡಾಡುವುದರಲ್ಲಿ, ಮೊದಲ ದಿನ ಗಂಟೆಗಂಟೆಗೆ ರಕ್ತ ಕೊಡುತ್ತಾ ಕೂರುವುದರಲ್ಲಿ, ಔಷಧ ಒಳಗೆ ಏನು ಮಾಡಿತು ಎಂದು ನೋಡಲು ಮತ್ತೆ ಚುಚ್ಚಿಸಿಕೊಳ್ಳುವ ಬಯಾಪ್ಸಿಯಲ್ಲಿ ಹೋಗುವುದು ಅವರಿಗೆ ಉಳಿದ ಸ್ವಲ್ಪ ಕಾಲ. ಆ ಎರಡನೇ ಬಯಾಪ್ಸಿಯಿಂದ ಅವರಿಗೆ ಲಾಭ ಇಲ್ಲ ಅಂದರೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿ.

ನಿಮ್ಮ ಕಡೆಯ ಆಕ್ಷೇಪಗಳೂ ನನಗೆ ಗೊತ್ತು. ಎರಡು ಮೂರು ಡೋಸ್ ಹೋಲಿಸಬೇಕಾದರೆ ಜನ ಜಾಸ್ತಿ ಬೇಕು, ಸಮಯ ಜಾಸ್ತಿ ಬೇಕು, ಅಷ್ಟರಲ್ಲಿ ಒಳ್ಳೆಯ ಔಷಧಕ್ಕೆ ಕಾಯುವವರು ಸಾಯುತ್ತಾರೆ ಅನ್ನುತ್ತೀರಿ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಾಯುವವರನ್ನು ದಿನಾ ನೋಡುತ್ತೇನೆ. ಆದರೆ ಹೋಲಿಕೆಗೆ ಬೇಕಾಗುವುದು ಇನ್ನು ಕೆಲವು ಹತ್ತು ಜನ. ಫಲ ಕಾಣಲು ಶುರುವಾದ ಮೇಲೆ ನೀವೇ ಆ ಟ್ರಯಲ್‌ಗೆ ಹತ್ತಾರು, ನೂರಾರು ಜನರನ್ನು ಸೇರಿಸಿ ಹಿಗ್ಗಿಸುತ್ತೀರಿ. ಅವರೆಲ್ಲರಿಗೂ ಒಂದೇ ಡೋಸ್ ಕೊಡುವ ಬದಲು, ಚೀಟಿ ಎತ್ತಿದ ಹಾಗೆ ಎರಡು ಡೋಸ್‌ಗಳಿಗೆ ಹಂಚಿ. ಜನರೂ ಅವರೇ, ಸಮಯವೂ ಹೆಚ್ಚುಕಮ್ಮಿ ಅಷ್ಟೇ. ತಪ್ಪು ಡೋಸ್ ಮಾರುಕಟ್ಟೆಗೆ ಹೋದರೆ ಅದನ್ನು ನುಂಗುವವರು ಸಾವಿರಾರು ಜನ. ತೊಂದರೆ ತಡೆಯಲಾಗದೆ ಹಿಡಿದಿದ್ದ ಔಷಧವನ್ನೇ ನಿಲ್ಲಿಸುವವರು ಅವರಲ್ಲಿ ಇರುತ್ತಾರೆ. ಅವರೂ ಸಾಯುತ್ತಾರೆ.

ಎರಡನೇ ಆಕ್ಷೇಪ ಇದಕ್ಕಿಂತ ಕಷ್ಟದ್ದು. ಡೋಸ್ ಕಮ್ಮಿ ಇಡಿ ಎಂದು ಹೇಳುತ್ತಾ ಹೋದರೆ ಏನೂ ಕೆಲಸ ಮಾಡದಷ್ಟು ಸಣ್ಣ ಡೋಸ್ ಪಡೆದವರ ಗತಿ ಏನು? ಈಗಲೂ ಮೊದಲ ಮೆಟ್ಟಿಲಿನ ಮೂವರಿಗೆ ಆಗುವುದು ಇದೇ. ಅವರ ಮೇಲೆ ಔಷಧದ ಸುರಕ್ಷತೆ ನೋಡಿಕೊಂಡು ಮುಂದಿನವರಿಗೆ ಏರಿಸುತ್ತೀರಿ. ಅವರ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿರುತ್ತದೆ, ಅವರು ಹೊರಗೆ ಹೋಗುತ್ತಾರೆ. ಇದಕ್ಕೆ ದಾರಿ ಇಲ್ಲದಿಲ್ಲ. ಮೇಲಿನ ಡೋಸ್ ಸುರಕ್ಷಿತ ಎಂದು ಗೊತ್ತಾದ ಕೂಡಲೇ ಕೆಳಗಿನವರಿಗೂ ಅಲ್ಲಿಗೆ ಏರಲು ಬಿಡುವ ಟ್ರಯಲ್ ವಿನ್ಯಾಸಗಳನ್ನು ರಿಚರ್ಡ್ ಸೈಮನ್ ಮತ್ತಿತರರು 1997ರಲ್ಲೇ ಮುಂದಿಟ್ಟಿದ್ದಾರೆ. ಅದನ್ನು ಎಲ್ಲ ಕಡೆ ಸೇರಿಸಿ. ಮೊದಲ ಮೂವರಿಗೂ ಮೇಲೇರುವ ಬಾಗಿಲು ತೆರೆದಿರಲಿ. ಅದಿಲ್ಲದ ಪ್ರೋಟೋಕಾಲ್ ಬಂದರೆ ಯಾಕಿಲ್ಲ ಎಂದು ಎಥಿಕ್ಸ್ ಕಮಿಟಿಯವರು ಬರಹದಲ್ಲಿ ಕೇಳಲಿ.

ಗಾಳಿ ಈಗಾಗಲೇ ಸ್ವಲ್ಪ ತಿರುಗಿದೆ. ಎಫ್‌ಡಿಎ 2021ರಲ್ಲಿ ‘ಪ್ರಾಜೆಕ್ಟ್ ಆಪ್ಟಿಮಸ್’ ಶುರುಮಾಡಿ, ಕ್ಯಾನ್ಸರ್ ಔಷಧಗಳ ಡೋಸನ್ನು ಅನುಮತಿಗೆ ಮುಂಚೆಯೇ ಸರಿಯಾಗಿ ಹುಡುಕಿ ಎಂದಿತು. 2024ರ ಆಗಸ್ಟ್‌ನಲ್ಲಿ ಅದರ ಮಾರ್ಗಸೂಚಿಯನ್ನು ಅಂತಿಮಗೊಳಿಸಿತು. ಒಂದಕ್ಕಿಂತ ಹೆಚ್ಚು ಡೋಸ್‌ಗಳನ್ನು ಹೋಲಿಸಿ ನೋಡಿ ಎಂಬುದು ಅದರ ತಿರುಳು. ಒಳ್ಳೆಯದು. ಆದರೆ ಮಾರ್ಗಸೂಚಿ ಅಂದರೆ ಸಲಹೆ, ಕಟ್ಟಳೆ ಅಲ್ಲ. ಸಣ್ಣ ಕಂಪನಿಗಳು ಹಣದ ಅವಸರದಲ್ಲಿ ಹಳೆ ಮೆಟ್ಟಿಲನ್ನೇ ಹತ್ತುವುದು ಸುಲಭ. ಬೇರೆ ದೇಶಗಳ ನಿಯಂತ್ರಣ ಸಂಸ್ಥೆಗಳೂ ಇದನ್ನು ತಮ್ಮ ಕಟ್ಟಳೆಯಲ್ಲೇ ಸೇರಿಸಬೇಕು ಎಂದು ಕೇಳುತ್ತೇನೆ.

ಕೊನೆಯದಾಗಿ ಫಲಿತಾಂಶದ ಮಾತು. ಯುರೋಪಿನಲ್ಲಿ 2022ರಿಂದ ಜಾರಿಯಲ್ಲಿರುವ ಟ್ರಯಲ್ ಕಾನೂನಿನ ಪ್ರಕಾರ, ಟ್ರಯಲ್ ಮುಗಿದ ಮೇಲೆ ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಫಲಿತಾಂಶದ ಸಾರಾಂಶ ಕೊಡಬೇಕು. ಇದು ಎಲ್ಲ ಕಡೆ ಬರಲಿ. ಸೋತ ಔಷಧಗಳದ್ದೂ ಬರಲಿ. ಅದು ಯಾವುದೋ ವೆಬ್‌ಸೈಟಿನ ಮೂಲೆಯಲ್ಲಿ ಕೂತರೆ ಸಾಲದು. ಟ್ರಯಲ್‌ಗೆ ಸೇರಿದವರ ಮನೆಗೆ, ಅವರು ಇಲ್ಲದಿದ್ದರೆ ಅವರ ಮನೆಯವರಿಗೆ, ಒಂದು ಪುಟದ ಪತ್ರ ಹೋಗಲಿ. ಬೇಡ ಅನ್ನುವವರಿಗೆ ಬೇಡ, ಸೇರುವಾಗಲೇ ಕೇಳಿಟ್ಟುಕೊಳ್ಳಿ. ಇಷ್ಟು ಜನ ಸೇರಿದ್ದರು, ಈ ಡೋಸ್ ಸಾಕು ಎಂದು ಗೊತ್ತಾಯಿತು, ಅಥವಾ ಯಾವ ಡೋಸೂ ಫಲ ಕೊಡಲಿಲ್ಲ, ನಿಮ್ಮವರು ಇದ್ದದ್ದು ಈ ಗುಂಪಿನಲ್ಲಿ ಎಂದು ಅದರಲ್ಲಿ ಇರಲಿ. ನಮಗೆ ಫೋನ್ ಮಾಡಿ ‘ಆ ಮಾತ್ರೆ ಏನಾಯ್ತು ಸಿಸ್ಟರ್?’ ಎಂದು ಕೇಳುವ ಮಕ್ಕಳಿದ್ದಾರೆ, ಗಂಡಂದಿರು, ಹೆಂಡತಿಯರು ಇದ್ದಾರೆ. ಅವರಿಗೆ ಹೇಳಲು ನಮ್ಮ ಕೈಯಲ್ಲಿ ಏನಾದರೂ ಕೊಡಿ.

ಈ ಪತ್ರಕ್ಕೆ ನಿಮ್ಮ ಉತ್ತರವೂ ಬಹಿರಂಗವಾಗಿಯೇ ಬರಲಿ ಎಂದು ಕೋರುತ್ತೇನೆ. ನಿಮ್ಮ ಮುಂದಿನ ಟ್ರಯಲ್‌ನಲ್ಲಿ ಎಷ್ಟು ಡೋಸ್‌ಗಳನ್ನು ಹೋಲಿಸುತ್ತೀರಿ, ಎಷ್ಟನೇ ತಿಂಗಳಿನವರೆಗಿನ ತೊಂದರೆಗಳನ್ನು ಎಣಿಸುತ್ತೀರಿ, ಕೆಳಗಿನ ಡೋಸಿನವರಿಗೆ ಮೇಲೇರಲು ಬಿಡುತ್ತೀರೋ ಇಲ್ಲವೋ, ಇಷ್ಟನ್ನು ತಿಳಿಸಿದರೆ ಸಾಕು.

ಇಂತಿ,
ಮೊದಲ ಹಂತದ ಟ್ರಯಲ್ ವಾರ್ಡಿನ ಒಬ್ಬ ನರ್ಸ್